ಉಳಿದ ಇಪ್ಪತ್ತು ಪರ್ಸೆಂಟ್

ಕಳೆದ ತಿಂಗಳು ಊರಿಗೆ ಹೋದಾಗ, ಬಸ್ ಇಳಿಯೋ ಮೊದಲೇ ಕಾಕಾ ಫೋನ್ ಮಾಡಿ "ತಮ್ಮಾ, ಸೀದಾ ಗುಡಿ ಕಡೆ ಬಾ" ಅಂದ್ರು. ನಮ್ಮದು ಮುಂಡರಗಿ ತಾಲೂಕಿನ ಸಣ್ಣ ಹಳ್ಳಿ. ಗುಡಿ ಅಂದ್ರೆ ಊರ ಹೊರಗಿನ ಕಲ್ಲಿನ ಗುಡಿ. ಚಿಕ್ಕವರಿದ್ದಾಗ ಅದರೊಳಗೆ ಕಣ್ಣಾಮುಚ್ಚಾಲೆ ಆಡ್ತಿದ್ವಿ, ಮಳೆ ಬಂದ್ರೆ ಯಾರೋ ಎಮ್ಮೆ ಕಟ್ತಿದ್ರು. ಈಗ ಮೇಲೆ ಅರಳಿ ಗಿಡ ಬೆಳೆದು ಒಂದು ತೊಲೆ ಬಿರುಕು ಬಿಟ್ಟಿದೆ.

ಡಂಬಳ ನಮಗೆ ದೂರವಿಲ್ಲ. ಅಲ್ಲಿನ ದೊಡ್ಡಬಸಪ್ಪನ ಗುಡಿಗೆ ಕೇಂದ್ರ ಪುರಾತತ್ವ ಇಲಾಖೆಯ ಬೋರ್ಡಿದೆ. ಲಕ್ಷ್ಮೇಶ್ವರದ ಸೋಮೇಶ್ವರನಿಗೆ ಇನ್ಫೋಸಿಸ್ ಪ್ರತಿಷ್ಠಾನ ಸಿಕ್ಕಿತು. ಅದು ಹಳೇ ಪುಲಿಗೆರೆ, ಕವಿರಾಜಮಾರ್ಗ ತಿರುಳ್ಗನ್ನಡದ ನಾಡು ಅಂತ ಹೆಸರಿಸಿದ ಊರು, ಕೊಡುವವರಿಗೂ ಹೇಳಿಕೊಳ್ಳೋಕೆ ಚೆನ್ನ :-) ನಮ್ಮ ಗುಡಿ ಯಾವ ಪಟ್ಟಿಯಲ್ಲೂ ಇಲ್ಲ.

"ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟಿಗೆ ಅರ್ಜಿ ಹಾಕೂಣು ಅಂತ ಮಾಡೇವಿ. ಸರ್ಕಾರದ್ದು ನಲವತ್ತು, ಅವರದು ನಲವತ್ತು, ಉಳಿದ ಇಪ್ಪತ್ತು ಊರಿಂದು" ಅಂದ್ರು ಕಾಕಾ. 1991ರಲ್ಲಿ ಶುರುವಾದ ಆ ಟ್ರಸ್ಟ್ ಇದೇ ಲೆಕ್ಕದಲ್ಲಿ ಎಷ್ಟೋ ಹಳೇ ಗುಡಿಗಳನ್ನು ಉಳಿಸಿದೆ. ಆದ್ರೆ 20 ಲಕ್ಷದ ಕೆಲಸ ಅಂದ್ರೂ ನಮ್ಮ ಪಾಲು 4 ಲಕ್ಷ. ಮಳೆ ನಂಬಿ ಕೂತ ಊರು ಎಲ್ಲಿಂದ ತರಬೇಕು?

"ನಿಮ್ಮ ಕಂಪನ್ಯಾಗ ಕೇಳಿ ನೋಡಲ್ಲ" ಅಂದ್ರು. ಕೇಳಿದೆ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಲಾಭದ ಶೇ. 2 ಸಮಾಜಕ್ಕೆ ಖರ್ಚು ಮಾಡಬೇಕು, ಆ ಪಟ್ಟಿಯಲ್ಲಿ ಪರಂಪರೆಯ ಕಟ್ಟಡಗಳೂ ಇವೆ. ನಾನಂತೂ ಕುಣಿದುಬಿಟ್ಟಿದ್ದೆ! ಬಂದ ಉತ್ತರ: ಸಂಸ್ಥೆಗೆ 12ಎ, 80ಜಿ ನೋಂದಣಿ ಇದೆಯಾ? ಸಿಎಸ್‌ಆರ್-1 ಫಾರ್ಮ್ ತುಂಬಿದ್ದೀರಾ? (2021ರ ಏಪ್ರಿಲ್‌ನಿಂದ ಅದು ಕಡ್ಡಾಯ.) ನಮ್ಮ ಕಮಿಟಿ ಅಂದ್ರೆ ಐದು ಜನ, ಒಂದು ಪಾವತಿ ಪುಸ್ತಕ.. ಅಷ್ಟೇ.

ಇಷ್ಟರಲ್ಲಿ ಕಮಿಟಿಯ ಹುಡುಗರಿಗೆ ತಾಳ್ಮೆ ಹೋಗಿದೆ. ಇರೋ ದುಡ್ಡಲ್ಲೇ ಮೇಲೊಂದು ಸ್ಲ್ಯಾಬ್ ಹಾಕಿ, ಕಂಬಕ್ಕೆ ಆಯಿಲ್ ಪೇಂಟ್ ಬಳಿದು, ನೆಲಕ್ಕೆ ಗ್ರಾನೈಟ್ ಹಾಸಿಬಿಡೋಣ ಅಂತಾರೆ. ಗಾರೆ ಇಲ್ಲದೆ ಕಲ್ಲಿಗೆ ಕಲ್ಲು ಕೂರಿಸಿ ಕಟ್ಟಿದ್ದು ಅದು. ಒಂದೊಂದು ಕಲ್ಲಿಗೂ ನಂಬರ್ ಬರೆದು ಬಿಚ್ಚಿ, ಮತ್ತೆ ಹಾಗೇ ಜೋಡಿಸಬಹುದು. ಸಿಮೆಂಟ್ ಬಿದ್ದರೆ ಅದಾಗಲ್ಲ. ಇದನ್ನೇ ಹೇಳಿದ್ದಕ್ಕೆ ಒಬ್ಬ, "ನೀ ವರ್ಷಕ್ಕ ಎರಡ್ ಸಲ ಬರಾಂವ. ನಾಳೆ ತೊಲಿ ಬಿದ್ದು ನಮ್ಮ ಹುಡುಗರ ತಲಿ ಒಡದ್ರ?" ಅಂದ. ಸುಮ್ಮನಾದೆ. ಅವನು ಹೇಳಿದ್ದು ಸುಳ್ಳಲ್ಲವಲ್ಲ..

ತೊಲೆಗೆ ಸದ್ಯಕ್ಕೆ ಮರದ ಆಸರೆ ಕೊಡೋಣ, ಅರ್ಜಿ ಹೋಗಲಿ, ಈ ಒಂದು ಮಳೆಗಾಲ ಕಾಯಿರಿ ಅಂತ ಕಾಕಾನ ಹತ್ರ ಬೇಡಿಕೊಂಡೆ. ನನ್ನ ಪಾಲಿನದು 25 ಸಾವಿರ ಕೊಟ್ಟೆ. ಕಾಕಾ ಪಾವತಿ ಪುಸ್ತಕ ತೆಗೆದು, ಪೆನ್ನು ಹಿಡಿದು ಕೇಳಿದ್ರು, "ಯಾತಕ್ಕ ಅಂತ ಬರೀಲಿ?"

"ಸಿಮೆಂಟಿಗೆ ಅಂತ ಮಾತ್ರ ಬರೀಬ್ಯಾಡ್ರಿ ಕಾಕಾ" ಅಂದೆ.

ನಕ್ಕರು. ಬರೆದಿದ್ದು ಇಷ್ಟೇ: "ಗುಡಿಗೆ."