ನಿಮ್ನೋನ್ನತ

1983ರಲ್ಲಿ ಇಂಗ್ಲೆಂಡಿನಲ್ಲಿ ಮೊದಲು ಪ್ರಕಟವಾದ ವಾರ್‌ಹ್ಯಾಮರ್ ಎಂಬ ಕಲ್ಪಿತಯುದ್ಧದ ಆಟಕ್ಕೆ ಅಂಗುಷ್ಠಪ್ರಮಾಣದ ಬೊಂಬೆಗಳುಂಟು. ನನ್ನ ಮೊಮ್ಮಗನು ಅವುಗಳಿಗೆ ಬಣ್ಣವಿಡುತ್ತಿದ್ದಾಗ, ಕಾಲಹರಣವೆಂದು ಗದರಿದ್ದೆನು. ಕಳೆದ ಬೇಸಗೆಯಲ್ಲಿ ಅವನೇ ಒಬ್ಬ ರಾಕ್ಷಸಯೋಧನನ್ನು ತಂದು, “ತಾತಾ, ಇದಕ್ಕೆ ನೀವು ಹಚ್ಚಿ” ಎಂದನು.

ಹಸುರು ಮೈಯಲ್ಲಿ ಬೆಳಕು ಕಾಣಲೆಂದು ಬಿಳಿಯನ್ನು ಬೆರಸಿದೆನು. ರಾಕ್ಷಸನು ಬೂದಿ ಬಳಿದವನಂತಾದನು. “ಬಿಳಿಯಲ್ಲ ತಾತಾ, ಹಳದಿ. ಮೊದಲು ತಗ್ಗುಗಳಿಗೆ ತೆಳುವಾದ ಕಡುಬಣ್ಣ ಇಳಿಯಲಿ. ಅದು ಒಣಗಿದ ಮೇಲೆ ಉಬ್ಬಿದ ಅಂಚುಗಳಿಗೆ ಮಾತ್ರ ತಿಳಿಬಣ್ಣ.”

ತಗ್ಗು ಉಬ್ಬುಗಳ ಭೇದವನ್ನು ತೋರಬಲ್ಲವನೇ ಚಿತ್ರವನ್ನು ಬಲ್ಲವನೆಂದು ವಿಷ್ಣುಧರ್ಮೋತ್ತರಪುರಾಣದ ಚಿತ್ರಸೂತ್ರವು ಹೇಳುತ್ತದೆ. ಪಾಠಶಾಲೆಯಲ್ಲಿ ಅದಕ್ಕೆ ಅನ್ವಯಾರ್ಥ ಹೇಳಿದ್ದೆನು, ಕುಂಚ ಹಿಡಿದಿರಲಿಲ್ಲ.

ಕೈ ನಡುಗಿ ಹಳದಿಯು ರಾಕ್ಷಸನ ಕಣ್ಣಿಗೆ ಹರಿಯಿತು. ಹುಡುಗನು ಗದರಲಿಲ್ಲ, ದೀಪವನ್ನು ನನ್ನ ಹತ್ತಿರಕ್ಕೆ ಸರಿಸಿದನು.