ಆಲಿಸುವ ರಂಗಭೂಮಿ



ನೀವು ಬಗೆಬಗೆಯ ನಾಟಕಗಳನ್ನು ನೋಡಿದ್ದೀರಿ. ಜಾತ್ರೆಯ ಇರುಳಿನಲ್ಲಿ ಬೆಳಗಿನ ಜಾವದವರೆಗೂ ನಡೆಯುವ ಬಯಲಾಟವನ್ನೂ, ಕಂಪನಿ ನಾಟಕಗಳನ್ನೂ, ೧೯೯೭ರಿಂದ ಸಾಣೇಹಳ್ಳಿಯ ಶಿವಸಂಚಾರ ತಂಡವು ನಾಡಿನಾದ್ಯಂತ ಕೊಂಡೊಯ್ದ ಪ್ರಯೋಗಗಳನ್ನೂ ಕಂಡು ಸಂತೋಷಪಟ್ಟಿದ್ದೀರಿ. ಮಠಕ್ಕೂ ರಂಗಭೂಮಿಗೂ ಇರುವ ನಂಟು ನಮ್ಮ ನಾಡಿಗೆ ಹೊಸದಲ್ಲ. ಆದರೆ ಈ ಎಲ್ಲ ನಾಟಕಗಳಲ್ಲಿಯೂ ಒಂದು ಸಂಗತಿ ಸಮಾನವಾಗಿರುತ್ತದೆ. ಕಥೆ ಮೊದಲೇ ನಿಶ್ಚಯವಾಗಿರುತ್ತದೆ. ನಟನು ತನ್ನ ಪಾತ್ರವನ್ನು ಅಭ್ಯಾಸ ಮಾಡಿ ಬಂದಿರುತ್ತಾನೆ. ಪ್ರೇಕ್ಷಕನು ಕೆಳಗೆ ಕುಳಿತು ನೋಡುತ್ತಾನೆ. ಪ್ರೇಕ್ಷಕನೇ ತನ್ನ ಬಾಳಿನ ಕಥೆಯೊಂದನ್ನು ಕೊಟ್ಟು, ನಟರು ಅದನ್ನು ಆ ಕ್ಷಣದಲ್ಲಿಯೇ ಆಡಿ ಅವನಿಗೆ ಹಿಂದಿರುಗಿಸುವ ನಾಟಕವೂ ಉಂಟೆಂದರೆ ನಿಮಗೆ ಆಶ್ಚರ್ಯವಾಗಬಹುದು. ಕಳೆದ ವರ್ಷ ನಮ್ಮ ಹಳೆಯ ವಿದ್ಯಾರ್ಥಿಗಳ ಸಮ್ಮೇಳನದಲ್ಲಿ ಅಂಥದೊಂದು ಪ್ರಯೋಗವನ್ನು ನೋಡುವ ಯೋಗ ನಮಗೆ ಒದಗಿತು. ಅದರಿಂದ ನಮಗಾದ ಸಂತೋಷವನ್ನೂ ನಾಚಿಕೆಯನ್ನೂ ಮುಚ್ಚಿಡದೆ ನಿಮ್ಮ ಮುಂದಿಡಬೇಕೆಂದು ಈ ನಾಲ್ಕು ಮಾತು.

ಈ ಪ್ರಕಾರಕ್ಕೆ ಪ್ಲೇಬ್ಯಾಕ್ ಥಿಯೇಟರ್ ಎಂದು ಹೆಸರು. ಅಮೆರಿಕದ ಜೊನಾಥನ್ ಫಾಕ್ಸ್ ಮತ್ತು ನ್ಯೂಜಿಲೆಂಡ್ ಮೂಲದ ಜೋ ಸಾಲಾಸ್ ದಂಪತಿಗಳು ೧೯೭೫ರಲ್ಲಿ ತಮ್ಮ ಸಂಗಡಿಗರೊಡನೆ ಇದನ್ನು ಆರಂಭಿಸಿದರು. ಫಾಕ್ಸ್ ಅವರು ಯೌವನದಲ್ಲಿ ಸ್ವಯಂಸೇವಕರಾಗಿ ನೇಪಾಳದ ಹಳ್ಳಿಯಲ್ಲಿದ್ದವರು. ಬಾಯಿಂದ ಬಾಯಿಗೆ ಸಾಗುವ ಕಥನ ಪರಂಪರೆಯಲ್ಲಿ ಆಸಕ್ತಿ ಉಳ್ಳವರು. ೧೯೨೦ರ ದಶಕದಲ್ಲಿ ವಿಯೆನ್ನಾ ನಗರದಲ್ಲಿ ಬರೆದ ಮಾತಿಲ್ಲದ ಸದ್ಯಃಸ್ಫೂರ್ತಿಯ ನಾಟಕವನ್ನು ಆಡಿಸಿ, ಮುಂದೆ ಅಮೆರಿಕದಲ್ಲಿ ಅಭಿನಯದ ಮೂಲಕ ಮನೋರೋಗ ಚಿಕಿತ್ಸೆಯ ಮಾರ್ಗವನ್ನು ಬೆಳೆಸಿದ ವೈದ್ಯ ಮೊರೆನೊ ಅವರ ವಿಚಾರಗಳೂ ಅವರಿಗೆ ಪ್ರೇರಣೆಯಾದವು. ಆದರೆ ಇವರು ಕಟ್ಟಿದುದು ಚಿಕಿತ್ಸಾಲಯವಲ್ಲ. ನೆರೆಹೊರೆಯ ಜನ ಒಂದೆಡೆ ಕೂಡಿ ಒಬ್ಬರ ಬಾಳನ್ನೊಬ್ಬರು ಕೇಳುವ ರಂಗ. ಫಾಕ್ಸ್ ಅವರ ಗ್ರಂಥದ ಹೆಸರಿನಲ್ಲಿಯೇ ಸೇವೆ ಎಂಬ ಅರ್ಥದ ಶಬ್ದವಿದೆ. ನಟನು ತನ್ನನ್ನು ಮೆರೆಸಿಕೊಳ್ಳಲು ರಂಗಕ್ಕೆ ಬರಬಾರದು, ಹೇಳುವವನ ಸೇವೆಗಾಗಿ ಬರಬೇಕೆಂಬುದು ಅದರ ಇಂಗಿತ. ದಾಸೋಹವನ್ನು ಬಲ್ಲ ನಮಗೆ ಇದು ಪರಕೀಯವಾದ ಮಾತೇನೂ ಅಲ್ಲ.

ಹಳೆಯ ವಿದ್ಯಾರ್ಥಿಯೊಬ್ಬರು ಈ ತಂಡವನ್ನು ಬೆಂಗಳೂರಿನಿಂದ ಕರೆಸುವುದಾಗಿ ಹೇಳಿದಾಗ ನಾವು ಮೊದಲು ಒಲ್ಲೆವೆಂದೆವು. ಪಾಠಶಾಲೆಯಲ್ಲಿ ಭರತನ ನಾಟ್ಯಶಾಸ್ತ್ರವನ್ನೂ, ವಿಶ್ವವಿದ್ಯಾನಿಲಯದಲ್ಲಿ ಅಭಿನವಗುಪ್ತನ ರಸವಿಚಾರವನ್ನೂ ಓದಿದ ಹಮ್ಮು ಒಳಗೆ ಇತ್ತು. ರಸಕ್ಕೆ ಒದಗುವ ವಿಘ್ನಗಳನ್ನು ಎಣಿಸುವಾಗ ಅಭಿನವಗುಪ್ತನು, ಪ್ರೇಕ್ಷಕನು ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿ ಕುಳಿತಿರುವುದನ್ನೂ ಒಂದು ವಿಘ್ನವೆಂದು ಹೇಳುತ್ತಾನೆ. ಹೀಗಿರಲು ಸ್ವಂತ ಸುಖದುಃಖವನ್ನೇ ರಂಗಕ್ಕೆ ತಂದರೆ ಅಲ್ಲಿ ಅಳು ಬಂದೀತು, ರಸ ಬಂದೀತೆ? ಇದು ನಮ್ಮ ಆಕ್ಷೇಪ. ಕೊನೆಗೆ ಅವರ ಒತ್ತಾಯಕ್ಕೆ ಮಣಿದು ಒಪ್ಪಿದೆವು.

ಪ್ರಸಾದ ನಿಲಯದ ಮುಂದಿನ ಅಂಗಳದಲ್ಲಿ ಏರ್ಪಾಡಾಯಿತು. ಪರದೆಯಿಲ್ಲ, ವೇಷವಿಲ್ಲ. ನಾಲ್ಕು ಮರದ ಪೆಟ್ಟಿಗೆಗಳು, ಒಂದು ಗೂಟಕ್ಕೆ ತೂಗುಹಾಕಿದ ಬಣ್ಣಬಣ್ಣದ ಬಟ್ಟೆಗಳು, ಒಂದು ಪಕ್ಕದಲ್ಲಿ ವಾದ್ಯಗಾರ, ಇನ್ನೊಂದು ಪಕ್ಕದಲ್ಲಿ ಎರಡು ಕುರ್ಚಿ, ಇಷ್ಟೇ ರಂಗಸಜ್ಜಿಕೆ. ನಟನಟಿಯರು ಐವರು. ಕುರ್ಚಿಗಳಲ್ಲಿ ಒಂದು ನಿರ್ವಾಹಕಿಗೆ, ಮತ್ತೊಂದು ಕಥೆ ಹೇಳಲು ಸಭೆಯಿಂದ ಎದ್ದು ಬರುವವರಿಗೆ. ನಿರ್ವಾಹಕಿ ಕೆಲವೇ ಪ್ರಶ್ನೆಗಳನ್ನು ಕೇಳುತ್ತಾಳೆ: ಇದು ನಡೆದದ್ದು ಎಲ್ಲಿ, ಆಗ ಯಾರು ಯಾರಿದ್ದರು, ನಿಮ್ಮ ಮನಸ್ಸಿನಲ್ಲಿ ಏನಿತ್ತು. ತನ್ನ ಪಾತ್ರವನ್ನು ಯಾವ ನಟ ಮಾಡಬೇಕೆಂಬುದನ್ನು ಹೇಳಿದವನೇ ಆರಿಸುತ್ತಾನೆ. ಬಳಿಕ ಆಕೆ ‘ನೋಡೋಣ’ ಎನ್ನುತ್ತಾಳೆ. ನಟರು ತಮ್ಮತಮ್ಮಲ್ಲಿ ಒಂದು ಮಾತನ್ನೂ ಆಡಿಕೊಳ್ಳದೆ, ವಾದ್ಯದ ದನಿ ಹಿಡಿದು ಆ ಕಥೆಯನ್ನು ಆಡುತ್ತಾರೆ. ಆಟ ಮುಗಿದೊಡನೆ ಐವರೂ ನಿಂತು, ಸಭೆಯ ಕಡೆಗಲ್ಲ, ಕಥೆ ಹೇಳಿದವನ ಕಡೆಗೆ ನೋಡುತ್ತಾರೆ. ಕೊನೆಯ ಮಾತು ಯಾವಾಗಲೂ ಅವನದೇ.

ಮೊದಲು ಬಂದವರು ನಿವೃತ್ತ ಉಪಾಧ್ಯಾಯರೊಬ್ಬರು. ಹತ್ತು ವರ್ಷದ ಹುಡುಗನಾಗಿ ನಿಲಯಕ್ಕೆ ಬಂದ ದಿನ ತಾಯಿ ಕಟ್ಟಿಕೊಟ್ಟ ರೊಟ್ಟಿಯ ಗಂಟನ್ನು ಬಿಚ್ಚಲು ಮನಸ್ಸಾಗದೆ ಮೂರು ದಿನ ತಲೆಯಡಿ ಇಟ್ಟುಕೊಂಡು ಮಲಗಿದ ಕಥೆಯನ್ನು ಅವರು ಹೇಳಿದರು. ನಟಿಯೊಬ್ಬಳು ಹಳದಿ ಬಟ್ಟೆಯನ್ನು ಗಂಟು ಮಾಡಿ ತಾನೇ ಆ ಗಂಟಾಗಿ ಮಾತನಾಡತೊಡಗಿದಾಗ ಸಭೆಯೆಲ್ಲ ನಕ್ಕಿತು. ನಗುನಗುತ್ತಲೇ ಅನೇಕರು ಕಣ್ಣೊರಸಿಕೊಂಡರು. ಬಳಿಕ ವರ್ತಕರೊಬ್ಬರು, ಅವರ ನಂತರ ವಕೀಲರೊಬ್ಬರು ಬಂದರು. ಆಗ ನಿರ್ವಾಹಕಿ ಒಂದು ಮಾತು ಹೇಳಿದಳು: “ಇದುವರೆಗೆ ಮುಂದಿನ ಸಾಲಿನವರ ಕಥೆಗಳನ್ನು ಕೇಳಿದೆವು. ಹಿಂದೆ ಕುಳಿತವರಿಗಾಗಿ ಸ್ವಲ್ಪ ಹೊತ್ತು ಕಾಯುತ್ತೇನೆ.” ಆಕೆ ನಿಜವಾಗಿಯೂ ಕಾದಳು. ಅಷ್ಟು ದೀರ್ಘವಾದ ಮೌನವನ್ನು ನಮ್ಮ ಸಭೆಗಳಲ್ಲಿ ನಾವು ಎಂದೂ ಸಹಿಸಿದವರಲ್ಲ. ಯಾರಾದರೂ ಎದ್ದು ಒಂದು ಪ್ರಾರ್ಥನೆಯನ್ನಾದರೂ ಹಾಡಿಬಿಡುತ್ತಿದ್ದೆವು.

ಕಟ್ಟಕಡೆಯ ಸಾಲಿನಿಂದ ಸುಮಾರು ನಲವತ್ತು ವರ್ಷದ ಒಬ್ಬಾತ ಎದ್ದು ಬಂದ. ಆತನ ಅನುಮತಿ ಪಡೆದೇ ಇದನ್ನು ಬರೆಯುತ್ತಿದ್ದೇವೆ, ಹೆಸರು ಬೇಡ. ಹತ್ತನೆಯ ತರಗತಿಯಲ್ಲಿದ್ದಾಗ ಆತ ಎಂಟು ದಿನ ಸಾಯಂಕಾಲದ ಪ್ರಾರ್ಥನೆಗೆ ತಪ್ಪಿಸಿಕೊಂಡಿದ್ದನಂತೆ. ನಿಲಯದ ಮೇಲ್ವಿಚಾರಕರು ಎಲ್ಲ ಹುಡುಗರ ಎದುರಿನಲ್ಲಿ ನಿಲ್ಲಿಸಿ, ಎಲ್ಲಿಗೆ ಹೋಗುತ್ತಿದ್ದೆಯೆಂದು ಕೇಳಿದರಂತೆ. ಆತ ಬಾಯಿ ತೆರೆಯುವ ಮೊದಲೇ, ಪೇಟೆಯ ಚಟ ಹತ್ತಿದವರಿಗೆ ಮಠದ ಅನ್ನ ದಕ್ಕುವುದಿಲ್ಲವೆಂದು ಹೇಳಿ, ಎಲ್ಲರ ಪ್ರಸಾದ ಮುಗಿಯುವವರೆಗೆ ಬಾಗಿಲ ಹೊರಗೆ ನಿಲ್ಲಿಸಿದರಂತೆ. ಆ ಎಂಟು ದಿನವೂ ಆತ ಹೋಗುತ್ತಿದ್ದುದು ಊರಾಚೆ ಕಟ್ಟುತ್ತಿದ್ದ ಒಂದು ಕಟ್ಟಡಕ್ಕೆ. ಬರಗಾಲದಲ್ಲಿ ಊರು ಬಿಟ್ಟು ಬಂದ ತಾಯಿ ಅಲ್ಲಿ ಇಟ್ಟಿಗೆ ಹೊರುತ್ತಿದ್ದಳು. ಆಕೆ ದುಡಿದು ಬಂದು ಒಲೆ ಹೊತ್ತಿಸುವ ತನಕ ಜ್ವರದ ತಂಗಿಯನ್ನು ಎತ್ತಿಕೊಂಡು ಕೂರುವುದು ಆ ಹುಡುಗನ ಕೆಲಸವಾಗಿತ್ತು. ತಾಯಿ ಇಟ್ಟಿಗೆ ಹೊರುತ್ತಾಳೆಂದು ಅಷ್ಟು ಜನರ ಮುಂದೆ ಹೇಳಲು ಅವನಿಗೆ ನಾಚಿಕೆಯಾಯಿತು.

ಓದುಗರೇ, ಇಪ್ಪತ್ತೈದು ವರ್ಷಗಳ ಹಿಂದೆ ನಿಲಯದ ಮೇಲ್ವಿಚಾರಣೆ ಇದ್ದುದು ನಮ್ಮದೇ. ಆತ ನಮ್ಮ ಹೆಸರೆತ್ತಲಿಲ್ಲ, ನಮ್ಮ ಕಡೆ ನೋಡಲೂ ಇಲ್ಲ. ಆ ಹುಡುಗನ ಮುಖ ನಮಗೆ ನೆನಪಿರಲಿಲ್ಲ. ಆ ಮಾತು ಮಾತ್ರ ನಮ್ಮದೆಂದು ಗುರುತು ಹತ್ತಿತು.

‘ನೋಡೋಣ’ ಎಂದಳು ನಿರ್ವಾಹಕಿ. ತಂಡದಲ್ಲಿ ಎಲ್ಲರಿಗಿಂತ ಕಿರಿಯ ನಟ ಮೇಲ್ವಿಚಾರಕನಾದ. ಆತ ಕಾವಿ ಬಣ್ಣದ ಬಟ್ಟೆಗೆ ಕೈ ಹಾಕಲಿಲ್ಲ, ದನಿಯೆತ್ತಿ ಗದರಲಿಲ್ಲ. ಒಂದು ಪೆಟ್ಟಿಗೆಯ ಮೇಲೆ ನಿಂತು, ಹುಡುಗನಿಗೆ ಬೆನ್ನು ಮಾಡಿ, ಸಭೆಯ ಕಡೆಗೆ ತಿರುಗಿ ಸೌಮ್ಯವಾದ ದನಿಯಲ್ಲಿ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದ; ಪ್ರತಿ ಪ್ರಶ್ನೆಗೂ ತಾನೇ ಉತ್ತರವನ್ನು ಹೇಳಿಕೊಂಡ. ಅವನ ಹಿಂದೆ ಹುಡುಗನಾದವಳು ಪ್ರತಿ ಸಲವೂ ಬಾಯಿ ತೆರೆದು ಮುಚ್ಚುತ್ತಿದ್ದಳು. ರಂಗದ ಇನ್ನೊಂದು ತುದಿಯಲ್ಲಿ ತಾಯಿಯಾದವಳು ಕೆಂಪು ಬಟ್ಟೆಗಳನ್ನು ಒಂದೊಂದಾಗಿ ತಲೆಯ ಮೇಲೆ ಹೇರಿಕೊಳ್ಳುತ್ತಿದ್ದಳು. ಅಷ್ಟೇ ಆಟ, ಐದು ನಿಮಿಷವೂ ಆಗಿರಲಿಕ್ಕಿಲ್ಲ. ನಟರು ನಿಂತು ಆತನ ಕಡೆ ನೋಡಿದರು. ಇನ್ನೇನಾದರೂ ಹೇಳುವುದಿದೆಯೆ ಎಂದು ನಿರ್ವಾಹಕಿ ಕೇಳಿದಳು. “ಈ ಸಂಗತಿ ಅವ್ವನಿಗೆ ಕೊನೆಯವರೆಗೂ ತಿಳಿಯಲಿಲ್ಲ. ಅದೊಂದು ಒಳ್ಳೆಯದಾಯಿತು” ಎಂದು ಹೇಳಿ ಆತ ತನ್ನ ಜಾಗಕ್ಕೆ ಹೋಗಿ ಕುಳಿತ.

ನಮಗಾಗಿ ಹಾಕಿದ್ದ ಎತ್ತರದ ಪೀಠದಿಂದ ಇಳಿದು ಹೋಗಿ ಆ ಖಾಲಿ ಕುರ್ಚಿಯಲ್ಲಿ ಕೂರಬೇಕೆಂದು ಮನಸ್ಸು ಹೇಳಿತು, ಕಾಲು ಏಳಲಿಲ್ಲ. ಅಂದಿನ ಆಶೀರ್ವಚನದಲ್ಲಿಯೂ ಅದನ್ನು ಹೇಳಲಾರದೆ ಎರಡು ಮಾತಿನಲ್ಲಿ ಮುಗಿಸಿದೆವು. ರಾತ್ರಿ ಆತನನ್ನು ಕರೆಸಿ, ನಮ್ಮಿಂದ ತಪ್ಪಾಯಿತೆಂದು ಹೇಳಿದೆವು. “ಬುದ್ಧಿ, ನಾನು ದೂರು ಹೇಳಲು ಬಂದವನಲ್ಲ. ಇಷ್ಟು ದಿನ ಅದು ನನ್ನೊಳಗೆ ಮಾತಿಲ್ಲದೆ ಇತ್ತು. ಇವತ್ತು ಹೊರಗೆ ನಿಂತದ್ದನ್ನು ನೋಡಿದೆ” ಎಂದ. ತಂಗಿಯ ಜ್ವರ ಮುಂದೆ ಏನಾಯಿತೆಂದು ಕೇಳಿದೆವು. ಆಕೆ ಗುಣಮುಖಳಾಗಿ ಇಂದು ಅಂಗನವಾಡಿ ಕಾರ್ಯಕರ್ತೆಯಾಗಿರುವಳೆಂದು ತಿಳಿದು ಸಮಾಧಾನವಾಯಿತು.

ಆತನ ಆ ಒಂದು ಮಾತಿನಲ್ಲಿ ನಮ್ಮ ಶಾಸ್ತ್ರದ ಆಕ್ಷೇಪಕ್ಕೆ ಉತ್ತರವಿತ್ತು. ದುಃಖ ನಮ್ಮದಾಗಿಯೇ ಉಳಿದಾಗ ನಾವು ಅದಕ್ಕೆ ವಶರು. ಅದನ್ನು ಮತ್ತೊಬ್ಬರು ತಮ್ಮ ದೇಹದ ಮೇಲೆ ಹೊತ್ತು ಎದುರಿಗೆ ನಿಂತಾಗ ನಡುವೆ ಒಂದು ಅಂತರ ಏರ್ಪಡುತ್ತದೆ. ಆ ಅಂತರದಲ್ಲಿ ನೋಟ ಸಾಧ್ಯವಾಗುತ್ತದೆ. ಅಷ್ಟೇ ಅಲ್ಲ, ಭಟ್ಟನಾಯಕನು ಸಾಧಾರಣೀಕರಣವೆಂದು ಕರೆದ ವ್ಯಾಪಾರವೂ ಅಲ್ಲಿ ನಡೆಯಿತು. ಒಬ್ಬ ಹುಡುಗನ ಅಪಮಾನ ಅಂಗಳದಲ್ಲಿದ್ದ ಎಲ್ಲರ ಅಪಮಾನವಾಯಿತು. ಒಬ್ಬ ತಾಯಿಯ ಇಟ್ಟಿಗೆಯ ಭಾರ ಎಲ್ಲರ ತಲೆಯ ಮೇಲೂ ಕುಳಿತಿತು. ವಿಘ್ನವೆಂದು ನಾವು ತಿಳಿದುದೇ ಅಲ್ಲಿ ದ್ವಾರವಾಯಿತು.

ಮರುದಿನ ತರುಣರು ಕೆಲವರು ಒಂದು ಪ್ರಶ್ನೆ ಎತ್ತಿದರು. ಆ ಮೇಲ್ವಿಚಾರಕನು ಹೇಗೆ ನಡೆದುಕೊಳ್ಳಬೇಕಾಗಿತ್ತೆಂದು ಮತ್ತೊಮ್ಮೆ ಆಡಿ ತೋರಿಸಬಾರದಾಗಿತ್ತೆ? ಹಾಗೆ ಆಡುವ ರಂಗಭೂಮಿಯೂ ಉಂಟು. ಬ್ರೆಜಿಲ್ ದೇಶದ ಅಗಸ್ಟೊ ಬೋಲ್ ಅವರು ೧೯೭೦ರ ದಶಕದಲ್ಲಿ ರೂಪಿಸಿದ ಫೋರಂ ಥಿಯೇಟರಿನಲ್ಲಿ ಅನ್ಯಾಯದ ಒಂದು ಪ್ರಸಂಗವನ್ನು ಆಡಿ ತೋರಿಸಿ, ಬಳಿಕ ಅದನ್ನೇ ಮತ್ತೆ ಆಡುವಾಗ ಪ್ರೇಕ್ಷಕನೇ ರಂಗಕ್ಕೆ ಬಂದು ತುಳಿತಕ್ಕೊಳಗಾದವನ ಸ್ಥಾನದಲ್ಲಿ ನಿಂತು ಬೇರೆ ದಾರಿಯನ್ನು ಪ್ರಯತ್ನಿಸುತ್ತಾನೆ. ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ೧೯೮೫ರಲ್ಲಿ ಆರಂಭವಾದ ಜನಸಂಸ್ಕೃತಿ ಎಂಬ ಸಂಸ್ಥೆ ಈ ಕೆಲಸದಲ್ಲಿ ತೊಡಗಿದೆ. ಅದೂ ಬೇಕಾದುದೇ. ಆದರೆ ನಡೆದುದನ್ನು ಪೂರ್ತಿಯಾಗಿ ಕೇಳದೆ ಪರಿಹಾರಕ್ಕೆ ಧಾವಿಸುವುದು ನಮ್ಮಂಥವರ ಹಳೆಯ ಚಾಳಿ. ನಮಗೆ ಮೊದಲು ಬೇಕಾದುದು ಕೇಳುವ ಅಭ್ಯಾಸ. ಕೇಳಿದೆವೆಂದು ಬಾಯಲ್ಲಿ ಹೇಳಿದರೆ ಸಾಲದು. ಕೇಳಿದುದನ್ನು ಆಡಿ ತೋರಿಸಬೇಕಾದ ನಟನಿಗೆ ಅರ್ಧ ಕಿವಿಯಲ್ಲಿ ಕೇಳುವ ಅವಕಾಶವೇ ಇಲ್ಲ.

ಹನ್ನೆರಡನೆಯ ಶತಮಾನದ ಅನುಭವ ಮಂಟಪವನ್ನು ನಾವು ಪ್ರವಚನಗಳಲ್ಲಿ ಕೊಂಡಾಡುತ್ತೇವೆ. ಅಂಬಿಗನೂ ಮಾದಾರನೂ, ಅಕ್ಕಿಯಾಯುವ ಲಕ್ಕಮ್ಮನೂ ಅಲ್ಲಿ ಮಾತನಾಡಿದರೆಂದು ಹೆಮ್ಮೆಯಿಂದ ಹೇಳುತ್ತೇವೆ. ಅವರು ಮಾತನಾಡಬೇಕಾದರೆ ಕೇಳುವವರೂ ಇದ್ದಿರಲೇಬೇಕಲ್ಲವೆ? ಆ ಕೇಳುವವರ ಬಗ್ಗೆ ಪ್ರವಚನ ಮಾಡಿದ್ದು ನಮಗೆ ನೆನಪಿಲ್ಲ. ಮಠಕ್ಕೆ ನಾಲಿಗೆಯನ್ನು ಕೊಟ್ಟ ನಾವು ಕಿವಿಯನ್ನು ಕೊಟ್ಟೆವೆ ಎಂಬ ಪ್ರಶ್ನೆ ಅಂದಿನಿಂದ ನಮ್ಮನ್ನು ಬಿಟ್ಟಿಲ್ಲ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಇದು ಎಲ್ಲರೂ ಎಲ್ಲಿ ಬೇಕಾದರೂ ಆಡಬಹುದಾದ ವಿನೋದವಲ್ಲ. ಹೇಳುವವನು ತಾನಾಗಿ ಬರಬೇಕು; ಯಾರನ್ನೂ ಎಬ್ಬಿಸಿ ಕಳುಹಿಸಬಾರದು. ಅಲ್ಲಿ ಕೇಳಿದುದು ಊರಿನ ಹರಟೆಗೆ ಒದಗಬಾರದು. ಗಾಯ ಆಳವಾಗಿದ್ದವರಿಗೆ ವೈದ್ಯರ ನೆರವೇ ಬೇಕು. ಈ ಕಟ್ಟುಪಾಡುಗಳನ್ನು ಬಲ್ಲ, ಪಳಗಿದ ನಿರ್ವಾಹಕರಿಲ್ಲದೆ ಇದಕ್ಕೆ ಕೈ ಹಾಕುವುದು ತರವಲ್ಲ.

ನಾವು ನಾಟಕವಾಡಲು ತೊಡಗಿಲ್ಲ. ಆದರೆ ಅಂದಿನಿಂದ ಪ್ರತಿ ಸೋಮವಾರ ಸಾಯಂಕಾಲ ಪ್ರಾರ್ಥನೆಯ ಬಳಿಕ ನಿಲಯದಲ್ಲಿ ಒಂದು ಗಂಟೆ ಹುಡುಗರದು. ನಾವು ಅವರ ಸಾಲಿನಲ್ಲಿಯೇ ನೆಲದ ಮೇಲೆ ಕೂರುತ್ತೇವೆ. ಆ ಗಂಟೆಯಲ್ಲಿ ಉಪದೇಶ ಮಾಡುವುದಿಲ್ಲ. ಒಬ್ಬ ಹೇಳಿದುದನ್ನು ಮತ್ತೊಬ್ಬ ತನ್ನ ಮಾತಿನಲ್ಲಿ ತಿರುಗಿ ಹೇಳಬೇಕು, ಹೇಳಿದವನು ಹೌದೆನ್ನಬೇಕು. ಮೊದಲ ಐದು ವಾರ ಯಾರೂ ಬಾಯಿ ಬಿಡಲಿಲ್ಲ. ಆ ನಿರ್ವಾಹಕಿಯನ್ನು ನೆನೆದು ನಾವೂ ಕಾದೆವು. ಆರನೆಯ ವಾರ ಒಬ್ಬ ಹುಡುಗ ತನ್ನ ಮನೆಯ ಎತ್ತು ಮಾರಿದ ದಿನದ ಮಾತನ್ನು ಹೇಳಿದ.

ಇಂದು ರಾತ್ರಿ ನಿಮ್ಮ ಮನೆಯಲ್ಲಿ ಯಾರಾದರೂ ತಡವಾಗಿ ಬಂದರೆ ಎಲ್ಲಿಗೆ ಹೋಗಿದ್ದೆಯೆಂದು ಕೇಳಿರಿ, ಕೇಳುವುದು ತಪ್ಪಲ್ಲ. ಕೇಳಿದ ಮೇಲೆ ಉತ್ತರ ಬರುವವರೆಗೆ ಕಾಯಿರಿ. ಬಾಗಿಲ ಹೊರಗೆ ನಿಂತವರ ಮಾತನ್ನು ಒಳಗಿದ್ದು ಕೇಳುವ ತಾಳ್ಮೆಯನ್ನು ಪರಶಿವನು ನಿಮಗೂ ನಮಗೂ ಕರುಣಿಸಲೆಂದು ಹಾರೈಸುತ್ತೇವೆ.