ಗುಳಿಗಿ ನಾಟವಲ್ದು: ಧಾರೂರಿನ ಟಿಪ್ಪಣಿಗಳು

"ಗುಳಿಗಿ ನಾಟವಲ್ದು." ಕಾಕಾ ತೀರಿಕೊಂಡಾಗಿನಿಂದ ಚಿಗವ್ವನ ಬಾಯಲ್ಲಿ ಇದೊಂದೇ ಮಾತು. ಅವಳು ವರ್ಷಗಳಿಂದ ರಾತ್ರಿ ಊಟದ ಮೇಲೆ ನುಂಗುತ್ತಿರುವುದು ಎಸಿಟಾಲೊಪ್ರಾಮ್, ಖಿನ್ನತೆಯ ಔಷಧ. ಮನೆಯಲ್ಲಿ ಎಲ್ಲರೂ ಕರೆಯುವುದು 'ನಿದ್ದಿ ಗುಳಿಗಿ'. ಬಿಪಿ ಗುಳಿಗೆ, ಸಕ್ಕರೆ ಗುಳಿಗೆ ಎಂದು ಬಸ್ಸಿನಲ್ಲೂ ಹೇಳಬಹುದು. ಇದನ್ನು ಹೇಳಿದರೆ ಕೇಳಿದವರಿಗೆ ಹೈದರಾಬಾದಿನ ಎರ್ರಗಡ್ಡದ ಮಾನಸಿಕ ಆಸ್ಪತ್ರೆ ನೆನಪಾಗುತ್ತದೆ.

ನನಗೆ ಬಗೆಹರಿಯದ್ದು ಬೇರೆ. ಗಂಡ ಸತ್ತಿದ್ದಾನೆ, ಹೆಂಡತಿ ಅಳುತ್ತಿದ್ದಾಳೆ. ಇದರಲ್ಲಿ ಗುಳಿಗೆಯ ತಪ್ಪೇನು?

*

ತಾಂಡೂರಿನ ಕಲ್ಲು ಪಾಲಿಶಿನ ಕೆಲಸ ಬಿಟ್ಟು ಮನೆಯಲ್ಲಿರುವ ಹಿರಿಯರೊಬ್ಬರದು ಇದಕ್ಕೆ ತದ್ವಿರುದ್ಧ ದೂರು. ಅವರದೂ ಇದೇ ಜಾತಿಯ ಗುಳಿಗೆ. "ಅವ್ವ ಸತ್ತಾಗ ಕಣ್ಣಾಗ ಒಂದ್ ಹನಿ ನೀರ್ ಬರ್ಲಿಲ್ರೀ. ಮಣ್ಣಿಗೆ ಬಂದವ್ರು ಏನ್ ತಿಳ್ಕೊಂಡ್ರೋ."

ಇದು ಅವರೊಬ್ಬರ ಕಲ್ಪನೆಯಲ್ಲ. ಖಿನ್ನತೆಯ ಔಷಧ ತೆಗೆದುಕೊಳ್ಳುತ್ತಿದ್ದವರನ್ನು ಕೇಳಿ 2017ರಲ್ಲಿ ಪ್ರಕಟಿಸಿದ ಒಂದು ಸಮೀಕ್ಷೆಯಲ್ಲಿ ಶೇ. 46ರಷ್ಟು ಜನ ಭಾವನೆಗಳು ಮೊಂಡಾಗಿವೆ ಎಂದಿದ್ದರು. ಅದು ಔಷಧದಿಂದಲೋ, ಪೂರ್ತಿ ವಾಸಿಯಾಗದೆ ಉಳಿದ ಖಿನ್ನತೆಯಿಂದಲೋ ಎಂಬ ಜಗಳ ಇನ್ನೂ ಮುಗಿದಿಲ್ಲ.

ಒಬ್ಬಳಿಗೆ ಅಳು ನಿಲ್ಲುತ್ತಿಲ್ಲವೆಂದು ಗುಳಿಗೆಯ ಮೇಲೆ ಸಿಟ್ಟು, ಇನ್ನೊಬ್ಬರಿಗೆ ಅಳು ಬರಲಿಲ್ಲವೆಂದು. ಗುಳಿಗೆ ಅಳುವನ್ನು ನಿಲ್ಲಿಸಬೇಕು ಎಂದು ನಾವು ಯಾವಾಗ ಒಪ್ಪಿಕೊಂಡೆವು?

*

ತೆಲಂಗಾಣದ ನಮ್ಮ ಧಾರೂರಿನಿಂದ ವಿಕಾರಾಬಾದಿನ ಕಡೆ ಹೋದರೆ ಅನಂತಗಿರಿ ಗುಡ್ಡ. ಮೂಸಿ ನದಿ ಹುಟ್ಟುವ ಜಾಗ. ಗಾಳಿ ಒಳ್ಳೆಯದೆಂದು ಅಲ್ಲಿ ಕ್ಷಯರೋಗದ ಆಸ್ಪತ್ರೆ ಕಟ್ಟಿದ್ದರು. ಖಿನ್ನತೆಯ ಔಷಧದ ಕಥೆ ಶುರುವಾಗುವುದೂ ಒಂದು ಕ್ಷಯದ ಆಸ್ಪತ್ರೆಯಲ್ಲೇ. 1952ರಲ್ಲಿ ನ್ಯೂಯಾರ್ಕಿನ ಸ್ಟೇಟನ್ ಐಲೆಂಡಿನ ಸೀ ವ್ಯೂ ಆಸ್ಪತ್ರೆಯಲ್ಲಿ ಐಪ್ರೋನಿಯಜಿಡ್ ಎಂಬ ಹೊಸ ಔಷಧ ಕೊಟ್ಟಾಗ ರೋಗಿಗಳಿಗೆ ಹಸಿವು ಹೆಚ್ಚಿತು, ಗೆಲುವು ಬಂತು. 1957ರ ಹೊತ್ತಿಗೆ ಅದನ್ನು ಖಿನ್ನತೆಗೇ ಕೊಡತೊಡಗಿದರು. ಯಕೃತ್ತಿಗೆ ಕೆಟ್ಟದ್ದೆಂದು ಗೊತ್ತಾಗಿ ಮುಂದೆ ಅದನ್ನು ಕೈಬಿಟ್ಟರು.

ಆ ವಾರ್ಡಿನಲ್ಲಿ ಮೊದಲು ಕಂಡದ್ದು ಹಸಿವು, ಓಡಾಟ, ಲವಲವಿಕೆ. ಅಲ್ಲಿ ಯಾರ ದುಃಖಕ್ಕೂ ಯಾರೂ ಔಷಧ ಹುಡುಕುತ್ತಿರಲಿಲ್ಲ. ಇದನ್ನು ಗುರುತು ಹಾಕಿಕೊಂಡೆ.

*

ಸಾವಿನ ದುಃಖ ಕಾಯಿಲೆಯೇ? ದೊಡ್ಡವರ ಮಾತುಗಳನ್ನು ಸಾಲಾಗಿ ಇಟ್ಟು ನೋಡಿದೆ.

1917ರಲ್ಲಿ ಫ್ರಾಯ್ಡ್ ಶೋಕ ಬೇರೆ, ಖಿನ್ನತೆ ಬೇರೆ ಎಂದು ಬರೆದ. ಶೋಕಕ್ಕೆ ವೈದ್ಯರ ಅಗತ್ಯವಿಲ್ಲ, ಕಾಲವೇ ಅದನ್ನು ದಾಟಿಸುತ್ತದೆ ಎಂಬುದು ಅವನ ನಿಲುವು. ಅಮೆರಿಕದ ಮನೋವೈದ್ಯರ ಕೈಪಿಡಿ 1980ರ ಆವೃತ್ತಿಯಿಂದ ಸಾವಾದ ಮನೆಯವರಿಗೆ ಒಂದು ರಿಯಾಯಿತಿ ಕೊಟ್ಟಿತು. 1994ರ ಆವೃತ್ತಿಯಲ್ಲಿ ಅದು ಎರಡು ತಿಂಗಳು: ಅಷ್ಟರೊಳಗಿನ ದುಗುಡವನ್ನು ಸಾಮಾನ್ಯವಾಗಿ ಖಿನ್ನತೆ ಎಂದು ಬರೆಯುವಂತಿಲ್ಲ. 2013ರಲ್ಲಿ ಆ ರಿಯಾಯಿತಿಯನ್ನು ತೆಗೆದರು. ಶೋಕದ ನಡುವೆಯೂ ಖಿನ್ನತೆ ಬರಬಹುದು, ಅದಕ್ಕೆ ಚಿಕಿತ್ಸೆ ತಪ್ಪಬಾರದು ಎಂಬುದು ಕಾರಣ. ದುಃಖವನ್ನೇ ರೋಗ ಮಾಡಿದಿರಿ ಎಂದು ಹಲವರು ಜಗಳಕ್ಕೆ ನಿಂತರು. 2022ರಲ್ಲಿ 'ದೀರ್ಘಕಾಲದ ಶೋಕ' ಬೇರೆಯೇ ಕಾಯಿಲೆಯಾಗಿ ಆ ಕೈಪಿಡಿ ಸೇರಿತು; ವಯಸ್ಕರಿಗೆ ಸಾವಾಗಿ ಕನಿಷ್ಠ 12 ತಿಂಗಳು ಕಳೆದಿರಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಕನಿಷ್ಠ 6 ತಿಂಗಳು, ಜೊತೆಗೆ ಆಯಾ ಸಮಾಜದ ರೂಢಿಯನ್ನು ಮೀರಿರಬೇಕೆಂಬ ಷರತ್ತು.

ನಮ್ಮ ರೂಢಿ ಏನು? ವರ್ಷ ತುಂಬುವ ತನಕ ಮನೆಯಲ್ಲಿ ಹಬ್ಬವಿಲ್ಲ, ಮದುವೆ ಮಾತಿಲ್ಲ. ವರ್ಷದ ಪೂಜೆಯಾದ ಮೇಲೆ ನೆಂಟರು "ಇನ್ ಸಾಕು, ಏಳು" ಅನ್ನುತ್ತಾರೆ. ಕೈಪಿಡಿಯವರ 12 ತಿಂಗಳಿಗೂ ನಮ್ಮ ಹಿರಿಯರ ಲೆಕ್ಕಕ್ಕೂ ತಾಳೆಯಾದದ್ದು ಹೇಗೆಂದು ಕೇಳಿದರೆ ಯಾರು ಹೇಳಬೇಕು.

*

ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ಬುತ್ತಿ ನೆಂಟರ ಮನೆಯಿಂದ ಬರುತ್ತದೆ. ಹೆಂಗಸರು ಒಬ್ಬರನ್ನೊಬ್ಬರು ತಬ್ಬಿ, ಹೋದವರ ಗುಣ ಹಾಡಿ ಹಾಡಿ ಅಳುತ್ತಾರೆ. ಆ ಗದ್ದಲದಲ್ಲಿ ಗುಳಿಗೆಯ ಡಬ್ಬಿ ಎಲ್ಲಿತ್ತು? ಚಿಗವ್ವನಿಗೂ ಗೊತ್ತಿಲ್ಲ. ರಾತ್ರಿ ಊಟದ ಮೇಲೆ ನುಂಗುವುದು ರೂಢಿ. ಊಟವೇ ಇಲ್ಲದ ರಾತ್ರಿಗಳು ಅವು.

ಎಸಿಟಾಲೊಪ್ರಾಮಿನ ಅರ್ಧದಷ್ಟು ಸುಮಾರು 30 ಗಂಟೆಯಲ್ಲಿ ಮೈಯಿಂದ ಇಳಿದುಹೋಗುತ್ತದೆ. ಇದೇ ಜಾತಿಯ ಫ್ಲುಆಕ್ಸೆಟಿನ್ ಆದರೆ ವಾರಗಟ್ಟಲೆ ಉಳಿಯುತ್ತದೆ. ಬೇಗ ಇಳಿಯುವ ಗುಳಿಗೆ ತಪ್ಪಿದರೆ ಕೆಲವರಿಗೆ ದಿನಗಳೊಳಗೆ ತಲೆ ಸುತ್ತು, ಹೊಟ್ಟೆ ತೊಳಸು, ಸಿಡುಕು, ಸುಮ್ಮಸುಮ್ಮನೆ ಅಳು, ತಲೆಯೊಳಗೆ ಕರೆಂಟು ಹೊಡೆದಂಥ ಜುಮ್ಮು. ನೋಡಿದವರು ಇದನ್ನೂ ದುಃಖದ ಖಾತೆಗೇ ಬರೆಯುತ್ತಾರೆ.

ಮೇಲೆ ಒಬ್ಬ ನೆಂಟರ ಬುದ್ಧಿವಾದ: "ಗುಳಿಗಿ ಗಿಳಿಗಿ ಬಿಡು, ಮನಸ್ ಬಿಚ್ಚಿ ಅಳು." ಅಳುವುದಕ್ಕೆ ಗುಳಿಗೆ ಬಿಡಬೇಕಿಲ್ಲ. ಒಮ್ಮೆಲೇ ಬಿಡುವುದು ಮಾತ್ರ ಕೇಡು. ಬಿಡುವುದಾದರೂ ಡಾಕ್ಟರು ಹೇಳಿದಂತೆ ನಿಧಾನ ಇಳಿಸಬೇಕು.

*

ನಾಟದಿರಲು ಇನ್ನೂ ಕಾರಣಗಳಿವೆ. ಅವಕ್ಕೂ ಮನಸ್ಸಿಗೂ ನೇರ ಸಂಬಂಧವಿಲ್ಲ.

ಉಪ್ಪು. ಈ ಗುಳಿಗೆಗಳು ವಯಸ್ಸಾದವರಲ್ಲಿ ರಕ್ತದ ಸೋಡಿಯಂ ಇಳಿಸಬಲ್ಲವು. ಮೂತ್ರ ಹೆಚ್ಚಿಸುವ ಬಿಪಿ ಗುಳಿಗೆಯೂ ಜೊತೆಗಿದ್ದರೆ ಅಪಾಯ ಹೆಚ್ಚು. ಸುಸ್ತು, ಮಂಕು, ಗೊಂದಲ: ಎಲ್ಲವೂ ಖಿನ್ನತೆಯಂತೆಯೇ ಕಾಣುತ್ತವೆ. ಗೊತ್ತಾಗಲು ಒಂದು ರಕ್ತಪರೀಕ್ಷೆ ಸಾಕು.

ಥೈರಾಯ್ಡ್, ರಕ್ತಹೀನತೆ. ಇವೂ ಹಾಗೆಯೇ.

ಬೇರೆ ಔಷಧ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಯಕೃತ್ತನ್ನು ಚುರುಕು ಮಾಡಿ ಸರ್ಟ್ರಾಲಿನಿನಂಥ ಖಿನ್ನತೆಯ ಗುಳಿಗೆಯನ್ನು ಬೇಗ ಕರಗಿಸಿಬಿಡುತ್ತದೆ. ಖಿನ್ನತೆಯ ಮೊದಲ ಔಷಧ ಕೊಟ್ಟ ಕ್ಷಯದ ವಾರ್ಡೇ ಇನ್ನೊಂದು ಕೈಯಿಂದ ಅದನ್ನು ಕಸಿದುಕೊಳ್ಳುವುದೂ ಉಂಟು.

ಸೆರೆ. ಕೆಲವು ಗಂಡಸರು ದಿನಕರ್ಮ ಮುಗಿದ ಮೇಲೂ ನಿದ್ದೆಗೆಂದು ಕುಡಿಯುತ್ತಾರೆ. ನಿದ್ದೆಯೂ ಕೆಡುತ್ತದೆ, ಗುಳಿಗೆಯ ಕೆಲಸವೂ ಕೆಡಬಹುದು.

*

ಇಷ್ಟೆಲ್ಲ ಸರಿಯಿದ್ದು, ದಿನ ತಪ್ಪದೆ ನುಂಗಿದರೂ ಖಿನ್ನತೆ ಮರಳಿ ಬರುತ್ತದೆಯೇ? ಬರುತ್ತದೆ. ಬ್ರಿಟನ್ನಿನಲ್ಲಿ ದೀರ್ಘಕಾಲ ಗುಳಿಗೆ ನುಂಗಿ ಚೆನ್ನಾಗಿದ್ದ, ಇನ್ನು ಬಿಡಬಹುದೇನೋ ಅಂದುಕೊಂಡಿದ್ದ 478 ಜನರನ್ನು ಎರಡು ಗುಂಪು ಮಾಡಿ ಒಂದು ವರ್ಷ ನೋಡಿದರು. ಫಲ ಪ್ರಕಟವಾದದ್ದು 2021ರಲ್ಲಿ. ಗುಳಿಗೆ ನಿಲ್ಲಿಸಿದವರಲ್ಲಿ ಶೇ. 56 ಜನಕ್ಕೆ ಖಿನ್ನತೆ ಮರುಕಳಿಸಿತು. ಮುಂದುವರಿಸಿದವರಲ್ಲಿ ಶೇ. 39.

ಗುಳಿಗೆ ಕಾಯುತ್ತದೆ ಎಂಬುದಕ್ಕೂ, ಪೂರ್ತಿ ಕಾಯುವುದಿಲ್ಲ ಎಂಬುದಕ್ಕೂ ಇದೇ ಸಾಕ್ಷಿ. ಮೈಗೆ ಗುಳಿಗೆ ಒಗ್ಗಿಹೋಗಿ ಶಕ್ತಿ ಕಳೆದುಕೊಂಡಿತೋ, ಖಿನ್ನತೆಯೇ ತನ್ನ ಪಾಡಿಗೆ ಮರಳಿತೋ, ಬದುಕೇ ಹೊಸ ಪೆಟ್ಟು ಕೊಟ್ಟಿತೋ: ಹೊರಗಿನಿಂದ ಮೂರೂ ಒಂದೇ ಥರ ಕಾಣುತ್ತವೆ.

*

ಹಾಗಾದರೆ ಗುಳಿಗೆ ಶೋಕಕ್ಕೆ ನಾಟುತ್ತದೆಯೇ? ನೇರ ಉತ್ತರಕ್ಕೆ ತೀರ ಹತ್ತಿರ ಬಂದ ಪ್ರಯೋಗ 2016ರದು. ಅಮೆರಿಕದಲ್ಲಿ, ಶೋಕದಿಂದ ಹೊರಬರಲಾಗದ 395 ಜನ. ಕೆಲವರಿಗೆ ಸಿಟಾಲೊಪ್ರಾಮ್ ಎಂಬ ಖಿನ್ನತೆಯ ಔಷಧ, ಕೆಲವರಿಗೆ ಬರೀ ಹುಸಿ ಗುಳಿಗೆ. ಎರಡರಲ್ಲೂ ಅರ್ಧ ಜನಕ್ಕೆ ಶೋಕಕ್ಕೆಂದೇ ರೂಪಿಸಿದ ಮಾತಿನ ಚಿಕಿತ್ಸೆ. ಹೋದವರ ಬಗ್ಗೆ, ಆ ಸಾವಿನ ಬಗ್ಗೆ, ಉಳಿದವರ ಮುಂದಿನ ದಿನಗಳ ಬಗ್ಗೆ ಮಾತಾಡಿಸುವ ಚಿಕಿತ್ಸೆ ಅದು. ಮಾತಿನ ಚಿಕಿತ್ಸೆ ಸಿಕ್ಕವರಲ್ಲಿ ಶೇ. 80ಕ್ಕೂ ಹೆಚ್ಚು ಜನ ಸುಧಾರಿಸಿದರು. ಜೊತೆಗಿದ್ದದ್ದು ಔಷಧವೋ ಹುಸಿಯೋ ಎಂಬುದರಿಂದ ಶೋಕಕ್ಕೆ ಹೆಚ್ಚುಕಡಿಮೆ ಆಗಲಿಲ್ಲ. ಆದರೆ ಮಾತಿನ ಜೊತೆ ಔಷಧವೂ ಇದ್ದವರಲ್ಲಿ ಖಿನ್ನತೆಯ ಲಕ್ಷಣಗಳು ಹೆಚ್ಚು ಇಳಿದವು.

ಎಂದರೆ ಒಂದೇ ಮನುಷ್ಯನೊಳಗೆ ಎರಡು ಖಾತೆ. ಗುಳಿಗೆ ಜಮಾ ಆಗುವುದು ಒಂದಕ್ಕೆ ಮಾತ್ರ. ಚಿಗವ್ವ ಇನ್ನೊಂದನ್ನು ತೆರೆದು, ಇದರಲ್ಲಿ ಏನೂ ಬಿದ್ದಿಲ್ಲ ಅನ್ನುತ್ತಿದ್ದಾಳೆ.

*

ಹಾಗಾದರೆ ಆ ಮಾತಿನ ಚಿಕಿತ್ಸೆ ಧಾರೂರಿನವರಿಗೆ ಯಾವ ಭಾಷೆಯಲ್ಲಿ ಸಿಗುತ್ತದೆ? 1956ರ ತನಕ ನಮ್ಮ ಕಡೆಯ ತಾಂಡೂರು, ಕೊಡಂಗಲ್ಲು ಗುಲಬರ್ಗಾ ಜಿಲ್ಲೆಯ ತಾಲೂಕುಗಳು. ರಾಜ್ಯಗಳನ್ನು ಹೊಸದಾಗಿ ವಿಂಗಡಿಸಿದಾಗ ಆಂಧ್ರಕ್ಕೆ ಸೇರಿದವು, ಈಗ ತೆಲಂಗಾಣ. ದವಾಖಾನೆಯ ಮಾತು ತೆಲುಗು, ಔಷಧದ ಅಂಗಡಿಯ ಮಾತು ಅರ್ಧ ಉರ್ದು. ಚಿಗವ್ವನಿಗೆ ಎರಡೂ ಬರುತ್ತವೆ. ತೊಗರಿಯ ದರ ಎರಡರಲ್ಲೂ ಚೌಕಾಸಿ ಮಾಡುತ್ತಾಳೆ. ಆದರೆ ಕಾಕಾನನ್ನು ನೆನೆದು ಅಳುವುದು ಕನ್ನಡದಲ್ಲೇ. ಡಾಕ್ಟರ ಮುಂದೆ ಅದೆಲ್ಲ "ನಿದ್ದೆ ಇಲ್ಲ, ಹಸಿವಿಲ್ಲ" ಎಂಬಷ್ಟಕ್ಕೆ ಇಳಿಯುತ್ತದೆ. ಅಷ್ಟನ್ನು ಕೇಳಿದವರು ಗುಳಿಗೆ ಹೆಚ್ಚಿಸುವುದು ಸಹಜ.

ಹೆಚ್ಚಿಸುವುದಕ್ಕೂ ಮಿತಿಯುಂಟು. ಎಸಿಟಾಲೊಪ್ರಾಮ್ ದಿನಕ್ಕೆ 20 ಮಿಲಿಗ್ರಾಮಿನ ತನಕ ಕೊಡುತ್ತಾರೆ. ವಯಸ್ಸಾದವರಿಗೆ ಸಾಮಾನ್ಯವಾಗಿ 10.

2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೂ ಮಾತಾಡಬಹುದು. ಗೋಡೆಯ ಕ್ಯಾಲೆಂಡರಿನ ಮೇಲೆ ದಪ್ಪಗೆ ಬರೆದಿಟ್ಟೆ.

*

ಎರಡು ಖಾತೆಯನ್ನು ಬೇರೆ ಮಾಡಿ ನೋಡುವ ಗುರುತುಗಳು, ವೈದ್ಯರು ಹೇಳುವಂತೆ:

ಶೋಕ ಬಿಟ್ಟು ಬಿಟ್ಟು ಬರುತ್ತದೆ. ಫೋಟೋ ಕಂಡರೆ, ಅವರ ಚಪ್ಪಲಿ ಕಂಡರೆ ಉಕ್ಕುತ್ತದೆ. ನಡುನಡುವೆ ಅವರ ಮಾತು ನೆನೆದು ನಗುವೂ ಬರುತ್ತದೆ. ಖಿನ್ನತೆ ದಿನವಿಡೀ ಬಿಡುವುದಿಲ್ಲ, ಯಾವುದರಲ್ಲೂ ರುಚಿ ಉಳಿಸುವುದಿಲ್ಲ.

ಶೋಕದಲ್ಲಿ ಇಲ್ಲದಿರುವುದು ಅವರು. ಖಿನ್ನತೆಯಲ್ಲಿ ತಾನೇ ಬೇಡವಾದವಳು, ತಾನೇ ಪಾಪಿ.

"ಅವ್ರ ಹಂತ್ಯಾಕ ಹೋಗ್ಬೇಕು ಅನಸ್ತದ" ಎಂದು ಶೋಕದಲ್ಲೂ ಅನ್ನುತ್ತಾರೆ. ಇದನ್ನು ಮಾತ್ರ ಗುರುತು ನೋಡುತ್ತ ಕೂರಬಾರದು. ಸಾಯುವ ಯೋಚನೆಯೇ ಎಂದು ನೇರ ಕೇಳಬೇಕು. ಕೇಳಿದರೆ ಯೋಚನೆ ಹುಟ್ಟುತ್ತದೆ ಎಂಬುದು ಸುಳ್ಳು. ಹೌದೆಂದರೆ ಅವತ್ತೇ ದವಾಖಾನೆ.

ಚಿಗವ್ವನನ್ನು ಕೇಳಿದೆ. "ಛೇ, ತೊಗರಿ ಯಾರು ರಾಶಿ ಮಾಡಾವ್ರು?" ಎಂದು ನನ್ನನ್ನೇ ಬೈದಳು. ಕಾಕಾ ರಾಶಿಯ ದಿನ ಕೂಲಿಯವರ ಮೇಲೆ ಕೂಗಾಡುತ್ತಿದ್ದದ್ದನ್ನು ಆಡಿ ತೋರಿಸಿ ನಕ್ಕಳು. ಆಮೇಲೆ ಅತ್ತಳು. ಇದನ್ನು ಯಾವ ಖಾತೆಗೆ ಬರೆಯಬೇಕೆಂದು ನನಗೆ ಈಗ ಅಷ್ಟು ಅನುಮಾನವಿಲ್ಲ. ನಿದ್ದೆಯ ವಿಷಯ ಮಾತ್ರ ಬಗೆಹರಿದಿಲ್ಲ. ಅದು ಎರಡರಲ್ಲೂ ಬರುತ್ತದೆ.

*

ಡಾಕ್ಟರ ಹತ್ತಿರ ಒಯ್ಯಬೇಕಾದ ಚೀಟಿ. ತಪ್ಪಿದ ದಿನಗಳು ಯಾವುವು, ಉಳಿದ ಗುಳಿಗೆ ಎಣಿಸಿ. ಬಿಪಿಯದೂ ಸೇರಿ ಎಲ್ಲ ಗುಳಿಗೆಗಳ ಪಟ್ಟಿ. ಸೋಡಿಯಂ, ಥೈರಾಯ್ಡ್, ರಕ್ತ ನೋಡಬೇಕೇ? ಕಾಕಾ ಹೋದ ತಾರೀಕು. ಹೋದ ಸಲ ಅದನ್ನು ಯಾರೂ ಹೇಳಿರಲೇ ಇಲ್ಲ.

ಗುಳಿಗೆ ಹೆಚ್ಚಿಸಲೇನು ಎಂದು ಡಾಕ್ಟರು ಕೇಳಿದರೆ ಏನಂತೀ ಚಿಗವ್ವಾ, ಎಂದೆ.

"ನಿದ್ದಿ ಬರೂವಷ್ಟು ಇರ್ಲಿ. ಅಳೂದು ನಿಲ್ಲೂವಷ್ಟು ಬ್ಯಾಡ."

ಗುಳಿಗೆ ನಾಟುತ್ತಿಲ್ಲ ಎಂದು ಇಷ್ಟು ದಿನ ದೂರಿದವಳೂ ಇವಳೇ. ಈ ಮಾತನ್ನು ಎಷ್ಟು ಮಿಲಿಗ್ರಾಮಿಗೆ ಇಳಿಸುವುದೋ ಡಾಕ್ಟರೇ ನೋಡಲಿ. ಚೀಟಿಯ ತಲೆಗೆ ಅದನ್ನೇ ಬರೆದೆ, ತೆಲುಗಿನಲ್ಲಿ.